ಸಮರಕಂದದಲ್ಲಿ ಚಹಾ ಸುರಿಯುವ ಮುನ್ನ

ನಿಗಡಿ

ಪುಣೆಯ ಹತ್ತಿರದ ನಿಗಡಿಯ ನಮ್ಮ ಓಣಿಯಲ್ಲಿ ನಾನು ಕೊಟ್ಟ ಪೇಢೆಯನ್ನು ಯಾರೂ ಮುರಿದು ನೋಡದೆ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಒಳಗೆ ಹಸಿಮೆಣಸಿನಕಾಯಿ ಇದ್ದೀತು ಎಂಬ ಗುಮಾನಿ. ಕೆಲವು ಸಲ ಇದ್ದದ್ದೂ ಉಂಟು. ಈ ಹೆಸರನ್ನು ನಾನು ಸುಮ್ಮನೆ ಗಳಿಸಿದ್ದಲ್ಲ. ನಮ್ಮೂರಾದ ಇಂಡಿಯಿಂದ ಪುಣೆಗೆ ಬಂದು, ಕಾರ್ಖಾನೆಯಲ್ಲಿ ಲೇಥ್ ಮುಂದೆ ನಿಂತು ತಲೆ ನರೆಯುವ ತನಕ ದುಡಿದದ್ದು ಹೊಟ್ಟೆಗಾಗಿ, ಚೇಷ್ಟೆ ಮಾಡಿದ್ದು ಕೀರ್ತಿಗಾಗಿ. ಇಂಥವನನ್ನು ಮನೆಯವರೆಲ್ಲ ಸೇರಿ ಉಜ್ಬೇಕಿಸ್ತಾನಕ್ಕೆ ರಾಯಭಾರಿಯಾಗಿ ಕಳಿಸಿದರು ಎಂದರೆ ಅವರಿಗೆ ಬೇರೆ ಯಾರೂ ಸಿಗಲಿಲ್ಲ ಎಂದೇ ತಿಳಿಯಿರಿ.

ವಿಷಯ ಇಷ್ಟು. ನನ್ನ ಮೊಮ್ಮಗಳು ಅಪೂರ್ವಾ, ಮನೆಯಲ್ಲಿ ಅಪ್ಪಿ, ಸಮರಕಂದದಲ್ಲಿ ಡಾಕ್ಟರಿಕೆ ಓದುತ್ತಾಳೆ. ಅಲ್ಲಿನ ಹಾಸ್ಟೆಲಿನ ಅಡುಗೆಮನೆಯಲ್ಲಿ ಬೆಳಗಿನಿಂದ ಸಂಜೆಯ ತನಕ ಕುರಿಮಾಂಸ ಬೇಯುತ್ತದೆ. ನಮ್ಮ ಹುಡುಗಿ ಟೊಮೆಟೊ ಮತ್ತು ಸೌತೆಕಾಯಿಯ ಮೇಲೆ ಬದುಕಿದ್ದಳು. ಕೋಣೆಯಲ್ಲಿ ಗದ್ದಲ ಬೇರೆ. ಹೋದ ಪರೀಕ್ಷೆಯಲ್ಲಿ ಒಂದು ವಿಷಯ ಉಳಿಯಿತು. ಇನ್ನೊಂದು ಉಳಿದರೆ ವರ್ಷವೇ ಹೋಗುತ್ತಿತ್ತು. ಅಷ್ಟರಲ್ಲಿ ಕಾಲೇಜಿನ ಹತ್ತಿರದ ಓಣಿಯೊಂದರಲ್ಲಿ ಝುಲ್ಫಿಯಾ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಖಾಲಿ ಇರುವುದು ತಿಳಿಯಿತು. ಬೇರೆ ಒಲೆ, ಬೇರೆ ಬಾಗಿಲು, ಸದ್ದಿಲ್ಲದ ಅಂಗಳ. ಬಾಡಿಗೆಯ ಮಾತೂ ಮುಗಿದಿತ್ತು. ಆ ಹೆಂಗಸಿನದು ಒಂದೇ ಪಟ್ಟು: ಗುರುತಿಲ್ಲದ ಹುಡುಗಿಯನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ, ಅವಳ ಮನೆಯ ಹಿರಿಯರು ಬಂದು ನನ್ನ ಅಂಗಳದಲ್ಲಿ ಕೂತು ಚಹಾ ಕುಡಿಯಲಿ, ಆಮೇಲೆ ನೋಡೋಣ.

ಮಗನಿಗೂ ಸೊಸೆಗೂ ರಜೆ ಸಿಗಲಿಲ್ಲ. ನಾನು ಮತ್ತು ನನ್ನ ಹೆಂಡತಿ ಶಾಂತಾ ಹೊರಟೆವು.

"ಅಪ್ಪಾ, ಅಲ್ಲಿ ಹೋಗಿ ಸುಮ್ಕ ಕೂಡ್ರಿ. ಏನೂ ಚ್ಯಾಷ್ಟಿ ಮಾಡಬ್ಯಾಡ್ರಿ" ಎಂದ ಮಗ, ಚೀಲಕ್ಕೆ ಹಗ್ಗ ಬಿಗಿಯುತ್ತ.

"ನಾ ಯಾವಾಗ ಚ್ಯಾಷ್ಟಿ ಮಾಡೇನಪಾ?"

"ಉಸರಾಡೂದೊಂದು ಬಿಟ್ಟು ಉಳದದ್ದೆಲ್ಲಾ ಅದನ ಅಲ್ಲೇನ್ರಿ ನಿಮ್ಮದು?" ಎಂದಳು ಶಾಂತಾ.

ತಾಷ್ಕೆಂಟ್

ಆ ದೇಶಕ್ಕೆ ಹೋಗುವ ನಮ್ಮ ಕಡೆಯವರಿಗೆ ಮೊದಲ ಸಲಹೆ: ಕಡಕ್ ರೊಟ್ಟಿ ಒಯ್ಯುವುದಾದರೆ ಚೀಲದ ಮೇಲ್ಭಾಗದಲ್ಲೇ ಇಡಿ. ಶಾಂತಾ ತಳದಲ್ಲಿ ಇಟ್ಟಿದ್ದಳು. ವಿಮಾನ ನಿಲ್ದಾಣದ ಯಂತ್ರದ ಒಳಗೆ ಅದು ಏನಾಗಿ ಕಂಡಿತೋ, ಅಧಿಕಾರಿ ಸೀರೆ, ಸ್ವೆಟರ್, ಶೇಂಗಾ ಚಟ್ನಿಯ ಡಬ್ಬಿ ಎಲ್ಲವನ್ನೂ ಮೇಜಿನ ಮೇಲೆ ಹರವಿ ಕೊನೆಗೆ ಜೋಳದ ರೊಟ್ಟಿಯ ಅಟ್ಟಿಯನ್ನು ಎತ್ತಿದ. ಬೆರಳಿನಿಂದ ತಟ್ಟಿದ. ಟಕ್ ಟಕ್ ಎಂದಿತು. ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ತಟ್ಟಿದ. ನಾನು ಒಂದು ಚೂರು ಮುರಿದು ತಿಂದು ತೋರಿಸಿದೆ. ಅವನೂ ಒಂದು ಚೂರು ತಿಂದ. ಮುಖ ನೋಡಿದರೆ ಅಪಾಯವಿಲ್ಲ, ಆದರೆ ಆಸೆಯೂ ಇಲ್ಲ ಎಂದು ತೀರ್ಮಾನಿಸಿದ ಹಾಗಿತ್ತು. ಬಿಟ್ಟ.

ಎರಡನೆಯದು ನಮಸ್ಕಾರದ ವಿಷಯ. ಅಲ್ಲಿ ಬಲಗೈಯನ್ನು ಎದೆಯ ಮೇಲಿಟ್ಟು ತುಸು ಬಾಗುತ್ತಾರೆ. ಗಂಡಸರು ಗಂಡಸರ ಕೈ ಹಿಡಿಯುತ್ತಾರೆ. ಹೆಂಗಸರ ಕೈಯನ್ನು ಅವರಾಗಿ ಚಾಚದೆ ಹಿಡಿಯಬಾರದು. ಎದೆಯ ಮೇಲೆ ಕೈ ಇಡುವುದು ನನಗೆ ಬಹಳ ಹಿಡಿಸಿತು. ಟ್ಯಾಕ್ಸಿಯವನಿಗೆ, ನೀರು ಮಾರುವವಳಿಗೆ, ಲಿಫ್ಟಿನ ಕನ್ನಡಿಯಲ್ಲಿ ನನಗೇ ಮಾಡಿಕೊಂಡೆ. ಅವರೆಲ್ಲ ಮರಳಿ ಮಾಡಿದರು, ಕನ್ನಡಿಯವನೂ ಸೇರಿ.

ಮೂರನೆಯದು ರಸ್ತೆ ದಾಟುವುದು. ಪುಣೆಯ ಹಡಪಸರದಲ್ಲಿ ಒಂದು ಕಾರು ನಮಗಾಗಿ ನಿಂತರೆ ನಾವು ಮೊದಲು ಅದರ ಇಂಜಿನ್ ಕೆಟ್ಟಿದೆಯೇ ಎಂದು ನೋಡುತ್ತೇವೆ. ತಾಷ್ಕೆಂಟಿನಲ್ಲಿ ಬಿಳಿ ಪಟ್ಟೆಯ ಹತ್ತಿರ ನಿಂತರೆ ಸಾಕು, ಕಾರುಗಳು ನಿಲ್ಲುತ್ತವೆ. ಶಾಂತಾ ಅಂಥ ಒಂದು ಪಟ್ಟೆಯ ಅಂಚಿಗೆ ನಿಂತಳು. ಕಾರು ನಿಂತಿತು. ಅವಳು ಡ್ರೈವರಿಗೆ ಕೈಬೀಸಿ ನೀ ಹೋಗಪ್ಪ ಎಂದಳು. ಅವನು ಕೈಬೀಸಿ ನೀವು ಹೋಗಿ ಎಂದ. ಇವಳು ಇನ್ನಷ್ಟು ಜೋರಾಗಿ ಬೀಸಿದಳು. ಹಿಂದೆ ಸಾಲುಗಟ್ಟಿ ಕಾರುಗಳು ನಿಂತವು, ಒಂದೂ ಹಾರನ್ ಇಲ್ಲ.

"ಅಯ್ಯ, ಇಂವಾ ನನ್ನ ಕೊಲ್ಲಾಕ ಕಾಯಾಕತ್ತಾನ್ರಿ" ಎಂದಳು ನನ್ನ ತೋಳು ಹಿಡಿದು.

"ಕೊಲ್ಲಾವ್ರು ಯಾರೂ ಇಷ್ಟೊತ್ತು ಕಾಯೂದಿಲ್ಲ. ನಡಿ" ಎಂದು ದಾಟಿಸಿದೆ. ಪುಣೆಯಲ್ಲಿ ಅರ್ಧ ಶತಮಾನ ಕಳೆದವಳಿಗೆ ಮರ್ಯಾದೆ ಕೊಟ್ಟರೆ ಭಯವಾಗುತ್ತದೆ. ಅದರಲ್ಲಿ ಅವಳ ತಪ್ಪಿಲ್ಲ.

ಸಮರಕಂದ

ರೈಲು ಇಳಿದಾಗ ಅಪ್ಪಿ ಓಡಿ ಬಂದು ಕಾಲು ಮುಟ್ಟಿದಳು. ಬಗ್ಗಿದಾಗ ಅಂಗಿಯೊಳಗೆ ಅವಳ ಬೆನ್ನೆಲುಬು ಕಂಡಿತು. ನಾನು ಸಿದ್ಧ ಮಾಡಿಟ್ಟುಕೊಂಡಿದ್ದ ಜೋಕು ಹೇಳಲಿಲ್ಲ. ಶಾಂತಾ ಅಲ್ಲೇ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಬುತ್ತಿ ಬಿಚ್ಚಿದಳು. ಹುಡುಗಿ ರೊಟ್ಟಿಯನ್ನು ಚಟ್ನಿಗೆ ಒತ್ತಿ ಒತ್ತಿ ತಿಂದಳು.

ಮರುದಿನ ಮಾರುಕಟ್ಟೆಗೆ ಹೋದೆವು. ಪ್ರವಾಸಿಗಳಿಗೆ ಒಂದು ಸಮಾಧಾನ: ಅಲ್ಲಿ ಅರ್ಧ ಭಾಷೆ ನಮಗೆ ಬರುತ್ತದೆ. ಬಜಾರು ಅವರಿಗೂ ಬಜಾರೇ, ದೋಸ್ತ ಅವರಿಗೂ ದೋಸ್ತನೇ. ಇನ್ನರ್ಧದಲ್ಲಿ ಮೋಸವಿದೆ. ಶಾಂತಾ ಧೈರ್ಯದಿಂದ "ಸಬ್ಜಿ" ಎಂದು ಕೇಳಿದಳು. ಅಂಗಡಿಯಾಕೆ ಒಂದು ಕಟ್ಟು ಗಜ್ಜರಿ ಕೊಟ್ಟಳು. ಅಲ್ಲಿ ಸಬ್ಜಿ ಎಂದರೆ ಗಜ್ಜರಿ ಮಾತ್ರ. ಇವಳು ತಲೆಯಾಡಿಸಿ "ಬೇರೆ ಸಬ್ಜಿ" ಎಂದು ಸನ್ನೆ ಮಾಡಿದಳು. ಆಕೆ ಹಳದಿ ಗಜ್ಜರಿ ಕೊಟ್ಟಳು. ಆ ವಾರ ಹೋಟೆಲಿನ ಕೋಣೆಯಲ್ಲಿ ನಾವು ತಿಂದ ಗಜ್ಜರಿಯನ್ನು ಕುದುರೆಯೂ ತಿಂದಿರಲಾರದು.

ಮಧ್ಯಾಹ್ನ ಆ ಹೆಂಗಸಿನ ಮನೆಗೆ ನಡೆಯುತ್ತ ಅಪ್ಪಿ ಪಾಠ ಹೇಳಿದಳು. ಊರಿನವರೆಲ್ಲ ಆಕೆಯನ್ನು ಓಪಾ ಎನ್ನುತ್ತಾರೆ, ಎಂದರೆ ಅಕ್ಕ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಅವರು ತೋರಿಸಿದ ಜಾಗದಲ್ಲೇ ಕೂರಬೇಕು. ಬಾಗಿಲಿನಿಂದ ದೂರದ ಜಾಗ ದೊಡ್ಡ ಅತಿಥಿಗೆ, ಚಪ್ಪಲಿಯ ಹತ್ತಿರದ್ದು ಸಣ್ಣವರಿಗೆ. ಕೈ ತೊಳೆದ ಮೇಲೆ ನೀರು ಕೊಡವಬಾರದು, ಒರೆಸಿಕೊಳ್ಳಬೇಕು. ಏನು ಕೊಟ್ಟರೂ ಎದೆಗೆ ಕೈ ಇಟ್ಟು ರಹಮತ್ ಎನ್ನಬೇಕು.

"ಮತ್ತ ಅಜ್ಜಾ, ಓಪಾನ ಅಣ್ಣಾನೂ ಬರ್ತಾನ, ಅಕ್ರಮ್ ಅಕಾ ಅಂತ. ಅಕಾ ಅಂದ್ರ ಅಣ್ಣ. ಓಪಾನ ಗಂಡ ತೀರಿದ ಮ್ಯಾಲೆ ಎಲ್ಲಾ ಅಂವಾ ಹೇಳಿದಂಗ. ಅಂವಾ ಹೂಂ ಅಂದ್ರ ಮಾತ್ರ ನನಗ ರೂಮು."

"ಅಂವಗ ನಾ ಸಾಕು" ಎಂದೆ.

"ಅದ ನನ್ನ ಚಿಂತಿ" ಎಂದಳು ಅಪ್ಪಿ.

ಎಲ್ಲ ಹೇಳಿದ ಹುಡುಗಿ ಚಹಾದ ವಿಷಯ ಹೇಳಲಿಲ್ಲ. ಚಹಾ ಕುಡಿಯುವುದಾದರೂ ಅಜ್ಜನಿಗೆ ಬಂದೇ ಬರುತ್ತದೆ ಎಂದುಕೊಂಡಳು.

ಓಪಾ ಅವರ ಅಂಗಳ

ದ್ರಾಕ್ಷಿ ಚಪ್ಪರದ ಕೆಳಗೆ ಕಟ್ಟಿಗೆಯ ದೊಡ್ಡ ಮಂಚ. ಅದರ ಮೇಲೆ ಹಾಸಿಗೆ, ನಡುವೆ ಗಿಡ್ಡ ಮೇಜು. ಒಣಹಣ್ಣು, ಬಾದಾಮಿ, ಸಕ್ಕರೆಯ ಹರಳು ತುಂಬಿದ ತಟ್ಟೆಗಳು. ಓಪಾ ದಪ್ಪನೆಯ, ಗಂಭೀರ ಮುಖದ ಹೆಂಗಸು; ತಲೆಗೆ ಹೂವಿನ ರುಮಾಲು. ನನ್ನನ್ನು ಬಾಗಿಲಿನಿಂದ ಅತಿ ದೂರದ ಜಾಗಕ್ಕೆ ಕಳಿಸಿದರು. ನನ್ನ ಯೋಗ್ಯತೆ ಅವರಿಗೆ ಬೇಗ ತಿಳಿಯಿತು ಎಂದುಕೊಂಡೆ. ಎದುರಿಗೆ ಅಕ್ರಮ್ ಅಕಾ, ಬಿಳಿ ಮೀಸೆ, ಕಸೂತಿಯ ಚೌಕ ಟೋಪಿ. ಪಕ್ಕದ ಮನೆಯ ಇಬ್ಬರು ಹೆಂಗಸರೂ ಹುಡುಗಿಯ ಮನೆಯವರನ್ನು ನೋಡಲು ಬಂದಿದ್ದರು. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೂ ಇಷ್ಟು ಕಣ್ಣುಗಳು ಇರುವುದಿಲ್ಲ.

ಅಕಾ ನನ್ನ ಉದ್ಯೋಗ ಕೇಳಿದರು. ನಾನಿಲ್ಲದಿದ್ದರೆ ಪುಣೆಯಲ್ಲಿ ಸ್ಕೂಟರುಗಳು ಓಡುತ್ತಲೇ ಇರಲಿಲ್ಲ, ಸ್ವಾರಗೇಟಿನ ಬಸ್ಸುಗಳ ಗಾಲಿಗಳೂ ನನ್ನ ಕೈಯಲ್ಲೇ ದುಂಡಗಾದವು ಎಂದು ವಿವರವಾಗಿ ಹೇಳಿದೆ. ಅಪ್ಪಿ ಅದನ್ನು ಎರಡೇ ಶಬ್ದಗಳಲ್ಲಿ ಅನುವಾದಿಸಿದಳು.

"ಏನ್ ಹೇಳಿದಿ?"

"ರಿಟೈರ್ಡ್ ಅಂದೆ."

ಆದರೂ ಅಕಾ ಮೀಸೆಯಡಿಯಲ್ಲಿ ನಕ್ಕರು. ಕೆಲಸ ಅರ್ಧ ಮುಗಿಯಿತು ಎಂದುಕೊಂಡೆ. ಓಪಾ ಹಸಿರು ಚಹಾದ ಕೆಟಲಿನಿಂದ ಹಿಡಿಯಿಲ್ಲದ ಸಣ್ಣ ಬಟ್ಟಲಿಗೆ ಸುರಿದು, ಅದನ್ನು ಮತ್ತೆ ಕೆಟಲಿಗೇ ಸುರಿದರು. ಹೀಗೆ ಮೂರು ಸಲ. ಬಟ್ಟಲು ತೊಳೆಯುತ್ತಿದ್ದಾರೆ ಎಂದುಕೊಂಡು ಶಾಂತಾ ಮೆಚ್ಚುಗೆಯಿಂದ ನೋಡಿದಳು. ಆಮೇಲೆ ನನಗೆ ಕೊಟ್ಟರು. ನೋಡಿದರೆ ತಳದಲ್ಲಿ ಎರಡು ಗುಟುಕು. ಕುಡಿದೆ. ಮತ್ತೆ ಎರಡು ಗುಟುಕು. ಕುಡಿದೆ. ಮತ್ತೆ ಅಷ್ಟೇ.

ನನಗೆ ಪುಣೆ ನೆನಪಾಯಿತು. ನಮ್ಮ ಪುಣೆಯ ಹಳೆಯ ಪೇಠಗಳಲ್ಲಿ ಮನೆಗೆ ಹೋದರೆ ಬಾಗಿಲಲ್ಲೇ "ಚಹಾ ಘೇಊನಚ್ ಆಲಾತ್ ನಾ?" ಎನ್ನುತ್ತಾರೆ. ಕುಡಿದೇ ಬಂದಿದ್ದೀರಲ್ಲವೇ ಎಂದು. ಕುಡಿಯದೇ ಬಂದಿದ್ದೇವೆ ಎನ್ನುವ ಗಟ್ಟಿಗ ಇನ್ನೂ ಹುಟ್ಟಿಲ್ಲ. ನಮ್ಮ ಇಂಡಿಯ ಕಡೆ ಹಾಗಲ್ಲ. ಕಪ್ಪು ತುಂಬಿ, ಬಶಿ ತುಂಬಿ, ಬಶಿಯಿಂದ ಅತಿಥಿಯ ಧೋತರದ ಮೇಲೂ ನಾಲ್ಕು ಹನಿ ಬಿದ್ದರೆ ಅದು ಚಹಾ. ಅಳಿಯನಿಗೆ ಕಪ್ಪು ಒಂದು ಬೆರಳು ಖಾಲಿ ಕೊಟ್ಟರೆ ಅವನು ದೀಪಾವಳಿಗೆ ಬರುವುದಿಲ್ಲ. ಸಮರಕಂದದಲ್ಲೂ ಒಂದು ಪೇಠ ಇದೆ, ಪಾಪ, ಎಂದುಕೊಂಡೆ.

ಅಷ್ಟರಲ್ಲಿ ಓಪಾ ಒಲೆ ತೋರಿಸಲು ಶಾಂತಾಳನ್ನೂ ಅಪ್ಪಿಯನ್ನೂ ಒಳಗೆ ಕರೆದೊಯ್ದರು. ಹೊರಗೆ ನಾನು, ಅಕಾ, ಇಬ್ಬರು ಹೆಂಗಸರು. ಮಾತಿಲ್ಲ, ಭಾಷೆಯಿಲ್ಲ. ಎದುರಿಗೆ ಖಾಲಿ ಬಟ್ಟಲುಗಳು. ನನ್ನ ಕೈ ಕೆಟಲಿನ ಮೇಲೆ ಹೋಯಿತು. ಒಂದು ಸಲ ಇವರಿಗೆ ಇಂಡಿಯ ಕೈ ತೋರಿಸೋಣ, ಓಪಾ ಬಂದು ನೋಡಿ ನಾಚಲಿ.

ಅಕಾ ಅವರ ಬಟ್ಟಲಿಗೆ ಸುರಿದೆ. ಅಂಚಿನ ತನಕ. ಅಂಚಿನ ಮೇಲೂ ಚಹಾ ಉಬ್ಬಿ ನಿಲ್ಲುವ ಹಾಗೆ, ಒಂದು ಹನಿಯೂ ಚೆಲ್ಲದೆ. ಲೇಥಿನಲ್ಲಿ ಕೆಲಸ ಮಾಡಿದ ಕೈ, ಅಳತೆ ತಪ್ಪುವುದಿಲ್ಲ. ಆಮೇಲೆ ಆ ಇಬ್ಬರಿಗೂ ಹಾಗೆಯೇ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಕಾ ಬಟ್ಟಲು ನೋಡಿದರು, ನನ್ನನ್ನು ನೋಡಿದರು. ನಾನು ಎದೆಯ ಮೇಲೆ ಕೈಯಿಟ್ಟು ಬಾಗಿದೆ. ಅವರೂ ಎದೆಯ ಮೇಲೆ ಕೈಯಿಟ್ಟರು, ಎದ್ದರು, ಟೋಪಿ ಸರಿಮಾಡಿಕೊಂಡು ಮಂಚ ಇಳಿದರು. ಹೆಂಗಸರೂ ಎದ್ದರು.

"ಕೂಡ್ರಿ, ಕೂಡ್ರಿ! ಇನ್ನೂ ಅದ!" ಎಂದು ಕೆಟಲು ಎತ್ತಿ ತೋರಿಸಿದೆ.

ಅವರು ಇನ್ನೂ ಬೇಗ ಹೋದರು.

ಓಪಾ ಕುಂಬಳಕಾಯಿ ಸಮೋಸೆಯ ತಟ್ಟೆ ಹಿಡಿದು ಹೊರಗೆ ಬಂದಾಗ ಅಂಗಳದಲ್ಲಿ ನಾನೊಬ್ಬನೇ ಇದ್ದೆ. ನನ್ನ ಬಟ್ಟಲನ್ನೂ ತುಂಬಿಸಿಕೊಂಡು ಆರಾಮಾಗಿ ಕುಡಿಯುತ್ತಿದ್ದೆ.

"ಅಜ್ಜಾ, ಎಲ್ಲಾರೂ ಎಲ್ಲಿ?" ಎಂದಳು ಅಪ್ಪಿ.

"ಹೋದ್ರು. ನಾ ಛಂದಂಗ ಚಹಾ ಹಾಕಿಕೊಟ್ಟೆ. ಒಬ್ರೂ ಕುಡೀಲಿಲ್ಲ ನೋಡು, ಏನ್ ಮಂದಿನೋ."

ಅವಳು ತುಂಬಿದ ಬಟ್ಟಲುಗಳನ್ನು ನೋಡಿದಳು. "ಅರೇ ದೇವಾ" ಎಂದು ಮಂಚದ ಅಂಚಿನಲ್ಲಿ ಕುಸಿದಳು. "ಅಜ್ಜಾ, ಇಲ್ಲೆ ತುಂಬಿಸಿ ಕೊಟ್ರ, ಕುಡದು ಎದ್ದು ನಡೀರಿ ಅಂತ ಅರ್ಥ. ನೀ ಅವರ ಮನ್ಯಾಗ ಕೂತು ಅವರನ್ನ ಹೊರಗ ಹಾಕೀದಿ."

ಓಪಾ ಸಮೋಸೆಯ ತಟ್ಟೆಯ ಮೇಲೆ ಬಿಳಿ ಬಟ್ಟೆ ಮುಚ್ಚಿದರು. ಅಪ್ಪಿಗೆ ಮೆಲ್ಲಗೆ ಏನೋ ಹೇಳಿದರು. ಅಣ್ಣ ಹೂಂ ಅನ್ನದೆ ನಾನು ಏನೂ ಮಾಡಲಾರೆ ಮಗಳೇ ಎಂದು. ಬಾಗಿಲ ತನಕ ಬಂದು ಕಳಿಸಿಕೊಟ್ಟರು, ಅದೂ ಮರ್ಯಾದೆಯಿಂದಲೇ. ಬೈದಿದ್ದರೆ ನನಗೆ ಅಭ್ಯಾಸವಿತ್ತು.

ರೆಗಿಸ್ತಾನ

ಸಮರಕಂದಕ್ಕೆ ಹೋದವರು ನೋಡಲೇಬೇಕಾದದ್ದು ರೆಗಿಸ್ತಾನದ ಚೌಕ. ಮೂರು ಕಡೆ ಮೂರು ಮದರಸಾಗಳು, ಆಕಾಶಕ್ಕಿಂತ ನೀಲಿ ಗೋಡೆ. ನಾನು ಗೋಳಗುಮ್ಮಟದ ಕಡೆಯವನು, ಗುಮ್ಮಟ ಕಂಡು ಬಾಯಿ ಬಿಡುವವನಲ್ಲ. ಆದರೂ ನ್ಯಾಯವಾಗಿ ಹೇಳುತ್ತೇನೆ: ಬಣ್ಣ ಅವರದು ಹೆಚ್ಚು, ದನಿ ನಮ್ಮದು ಹೆಚ್ಚು.

ನಾವು ಅದನ್ನು ಸರಿಯಾಗಿ ನೋಡಲೇ ಇಲ್ಲ. ಮೂವರೂ ಮೆಟ್ಟಿಲ ಮೇಲೆ ಕೂತಿದ್ದೆವು, ಅಪ್ಪಿ ನನ್ನಿಂದ ತುಸು ದೂರ.

"ನಾ ಹಾಸ್ಟೆಲ್ಲಿಗೇ ಹೋಗ್ತೀನಿ" ಎಂದಳು. "ಈ ಊರಾಗ ಹೊರದೇಶದ ಹುಡುಗ್ಯಾರಿಗೆ ಯಾರೂ ಮನಿ ಕೊಡೂದಿಲ್ಲ. ಓಪಾ ಒಬ್ಬಾಕಿ ಸಿಕ್ಕಿದ್ಲು. ಇನ್ನ ನಿನ್ನ ಜೋಕು ನಿನಗ, ನನ್ನ ಟೊಮ್ಯಾಟೊ ನನಗ."

"ಅಪ್ಪಿ, ಅದು ಜೋಕು ಅಲ್ಲವಾ. ನಾ ಖರೇನ ಮರ್ಯಾದಿ ಮಾಡಿದೆ."

"ಅದಕ್ಕ ಮತ್ತ ಸಿಟ್ಟು ಬರ್ತದ. ಜೋಕು ಮಾಡಿದ್ರ ಬೈಬಹುದಿತ್ತು."

ಶಾಂತಾ ನನ್ನ ಕಡೆ ತಿರುಗಿದಳು. "ನೀವು ಓಣ್ಯಾಗ ಎಷ್ಟ ಮಂದಿಗೆ ಸಿಟ್ಟು ತರಿಸೀರಿ. ಅವರೆಲ್ಲಾ ಮರುದಿವ್ಸ ಮಾತಾಡ್ತಾರ. ಹ್ಯಾಂಗ ಮಾತಾಡಸ್ತೀರಿ ಅವರನ್ನ? ಅದನ್ನ ಮಾಡ್ರಿ ಇಲ್ಲೂ."

"ಅವರಿಗೆ ಕನ್ನಡ ಬರ್ತದ, ಇಲ್ಲಾ ಮರಾಠಿ ಬರ್ತದ" ಎಂದೆ. ನನಗೆ ಮಾತಿಲ್ಲದೆ ಜಗಳವನ್ನೂ ಆಡಿ ಗೊತ್ತಿಲ್ಲ, ರಾಜಿಯನ್ನೂ ಮಾಡಿ ಗೊತ್ತಿಲ್ಲ.

ಅಪ್ಪಿಯ ಕಡೆ ಸರಿದು ಕೇಳಿದೆ: "ಅಪ್ಪಿ, ಆ ಕಡಿಮಿ ಚಹಾದ ಅರ್ಥ ಏನು? ಬಿಡಿಸಿ ಹೇಳು."

"ಕಡಿಮಿ ಹಾಕಿದ್ರ, ನೀವು ಮತ್ತ ಮತ್ತ ಬಟ್ಟಲಾ ಚಾಚ್ತೀರಿ, ನಾವು ಮತ್ತ ಮತ್ತ ಹಾಕ್ತೀವಿ. ಇನ್ನೂ ಕೂಡ್ರಿ ಅಂತ. ಚಹಾನೂ ಬಿಸಿ ಇರ್ತದ."

"ಅಂದ್ರ ಎಷ್ಟ ಕಡಿಮಿನೋ ಅಷ್ಟ ಮರ್ಯಾದಿ?"

"ಹೂಂ." ಅವಳು ನನ್ನ ಮುಖ ನೋಡಿದಳು. "ಅಜ್ಜಾ, ಬ್ಯಾಡ."

"ನಾ ಏನೂ ಅಂದಿಲ್ಲಲ್ಲ."

"ನಿನ್ನ ಕಣ್ಣು ಅಂತಾವ."

ಚಾಯ್‌ಖಾನಾ

ಅಕ್ರಮ್ ಅಕಾ ದಿನವೂ ಕಾಲುವೆಯ ದಂಡೆಯ ಚಹಾದಂಗಡಿಯಲ್ಲಿ ಗೆಳೆಯರ ಜೊತೆ ಕೂರುತ್ತಾರೆ ಎಂದು ಅಪ್ಪಿಗೆ ಗೊತ್ತಿತ್ತು. ಅಲ್ಲಿ ಇದಕ್ಕೆ ಚಾಯ್‌ಖಾನಾ ಎನ್ನುತ್ತಾರೆ. ನಮ್ಮ ಪುಣೆಯ ಅಮೃತತುಲ್ಯ ಚಹಾದಂಗಡಿಗಳ ಹಾಗೆ ನಿಂತು ಕುಡಿದು ಓಡುವ ಜಾಗವಲ್ಲ. ಮರದ ನೆರಳಲ್ಲಿ ಮಂಚಗಳು. ಬಂದವರು ಚಪ್ಪಲಿ ಬಿಟ್ಟು ಮೇಲೆ ಹತ್ತಿ ದಿಂಬಿಗೆ ಒರಗಿದರೆ ಮಧ್ಯಾಹ್ನ ಮುಗಿಯಿತು.

ಮಾರನೆಯ ದಿನ ಅಪ್ಪಿಯನ್ನು ಎಳೆದುಕೊಂಡು ಹೋದೆ. ನಾಲ್ಕೈದು ಮುದುಕರ ನಡುವೆ ಅಕಾ ಕೂತಿದ್ದರು. ನಮ್ಮನ್ನು ಕಂಡು ಮಾತು ನಿಲ್ಲಿಸಿದರು. ಹಿಂದಿನ ದಿನದ ಕತೆ ಆ ಮಂಚಕ್ಕೆ ಆಗಲೇ ಬಂದಿತ್ತು ಎಂದು ಉಳಿದವರ ಮುಖ ಹೇಳುತ್ತಿತ್ತು. ನಾನು ಎದೆಯ ಮೇಲೆ ಕೈಯಿಟ್ಟೆ. ಅಕಾ ಕೈಯಿಟ್ಟರು, ಆದರೆ ಕಣ್ಣು ಕಾಲುವೆಯ ಮೇಲಿತ್ತು. ಯಾರೋ ಒಬ್ಬರು ಮೇಲಿನ ದಿಂಬಿನ ಕಡೆ ಕೈ ತೋರಿಸಿದರು. ಅತಿಥಿ ಎಷ್ಟು ಕೆಟ್ಟವನಾದರೂ ಅವರು ಅದನ್ನು ಬಿಡುವುದಿಲ್ಲ. ನಾನು ಹೋಗಲಿಲ್ಲ. ಮಂಚದ ತುದಿಯಲ್ಲಿ, ಚಪ್ಪಲಿಗಳ ಪಕ್ಕದಲ್ಲೇ ಕೂತೆ.

ಅಪ್ಪಿ ಕ್ಷಮೆ ಕೇಳುವ ಮಾತನ್ನು ಆರಂಭಿಸಿದಳು. ನಾನು ಅವಳ ಕೈ ಒತ್ತಿ ನಿಲ್ಲಿಸಿದೆ. ಕೆಟಲು ಎತ್ತಿದೆ.

ಎಲ್ಲರೂ ಅಕಾ ಅವರ ಬಟ್ಟಲನ್ನೇ ನೋಡುತ್ತಿದ್ದರು. ಒಬ್ಬ ಮುದುಕ ಎದ್ದು ಹೋಗಲು ಸಿದ್ಧನಾಗಿ ಟೋಪಿ ಹಿಡಿದುಕೊಂಡಿದ್ದ. ಅವರ ಶಾಸ್ತ್ರದಂತೆ ಮೂರು ಸಲ ಸುರಿದು ಮೂರು ಸಲ ಕೆಟಲಿಗೆ ವಾಪಸು ಹಾಕಿದೆ. ಆಮೇಲೆ ಎರಡೂ ಕೈಯಿಂದ ಕೆಟಲು ಹಿಡಿದು, ಉಸಿರು ಬಿಗಿಹಿಡಿದು, ಬಟ್ಟಲಿಗೆ ಒಂದು ಹನಿ ಹಾಕಿದೆ. ಒಂದೇ. ಮೂತಿಯಲ್ಲಿ ಇನ್ನೊಂದು ಹನಿ ಜೋತಾಡುತ್ತಿತ್ತು. ಅದು ಬಿದ್ದರೆ ಅವಮಾನವಾದೀತೆಂದು ಬೆರಳಿನಿಂದ ಒರೆಸಿ ತೆಗೆದೆ. ಬಟ್ಟಲನ್ನು ಬಲಗೈಯಲ್ಲಿ ಹಿಡಿದು, ಎಡಗೈ ಎದೆಯ ಮೇಲಿಟ್ಟು, ತಲೆ ಬಗ್ಗಿಸಿ ಚಾಚಿದೆ.

ಅಕಾ ಬಟ್ಟಲೊಳಗೆ ಇಣುಕಿದರು. ಬಹಳ ಹೊತ್ತು ಇಣುಕಿದರು. ಪಕ್ಕದವನೂ ಕುತ್ತಿಗೆ ಚಾಚಿ ಇಣುಕಿದ. ಅಪ್ಪಿಯ ಉಗುರು ನನ್ನ ತೋಳಿಗೆ ನಾಟಿತ್ತು. ಈ ಮನುಷ್ಯ ಬಟ್ಟಲು ಕೆಳಗಿಟ್ಟರೆ ಹುಡುಗಿಯ ವರ್ಷ ಹೋಯಿತು, ಅದು ನನಗೂ ಗೊತ್ತಿತ್ತು. ಜೀವನದಲ್ಲಿ ಮೊದಲ ಸಲ ಒಂದು ಚೇಷ್ಟೆ ಮಾಡಿ ನಾನೇ ಬೆವರಿದೆ.

ಅಕಾ ಬಟ್ಟಲು ಎತ್ತಿದರು. ತಲೆ ಹಿಂದಕ್ಕೆ ಬಾಗಿಸಿದರು. ಒಂದು ಕೊಡ ಕುಡಿಯುವವರ ಹಾಗೆ ಗಂಟಲು ಗುಟುಕು ಗುಟುಕಾಗಿ ಆಡಿತು. ಕೆಳಗಿಳಿಸಿ ಮೀಸೆ ಒರೆಸಿಕೊಂಡರು. ಹೊಟ್ಟೆ ಸವರಿಕೊಂಡರು. ತುಂಬ ಹೆಚ್ಚಾಯಿತು ಎಂಬಂತೆ ಕೈ ಅಡ್ಡ ಮಾಡಿದರು.

ಆಮೇಲೆ ಮುಖದಲ್ಲಿ ಒಂದು ಗೆರೆಯೂ ಅಲುಗದೆ ಕೆಟಲನ್ನು ತಮ್ಮ ಕಡೆ ಎಳೆದುಕೊಂಡರು. ನನ್ನ ಬಟ್ಟಲಿನ ಮೇಲೆ ಅದನ್ನು ಬಗ್ಗಿಸಿದರು, ಚಹಾ ಮೂತಿಗೆ ಬರುವ ಮೊದಲೇ ನೆಟ್ಟಗೆ ಮಾಡಿದರು. ಪೂರ್ತಿ ಖಾಲಿ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ನನಗಿಂತ ಕೆಳಗೆ ಬಾಗಿ, ನನಗೆ ಕೊಟ್ಟರು.

ನಾನು ಊದಿ ಊದಿ ಕುಡಿದೆ. "ಭಾಳ ಬಿಸಿ ಅದ" ಎಂದೆ.

ಅಪ್ಪಿ ಅದನ್ನು ಅನುವಾದಿಸುವ ಮೊದಲೇ ಟೋಪಿ ಹಿಡಿದಿದ್ದ ಮುದುಕ ದಿಂಬಿನ ಮೇಲೆ ಉರುಳಿ ನಗತೊಡಗಿದ. ಅಕಾ ಅವರ ಮೀಸೆ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಇಡೀ ಮಂಚ. ಅಂಗಡಿಯವನು ಬಂದು ಕೇಳಿದ, ಅವನಿಗೆ ಹೇಳಿದರು. ಅವನು ಪಕ್ಕದ ಮಂಚಕ್ಕೆ ಹೇಳಿದ. ನನ್ನ ತೋಳು ಹಿಡಿದು ಎತ್ತಿ ಮೇಲಿನ ದಿಂಬಿಗೆ ಕೂರಿಸಿದರು. ನಗು ನಿಂತ ಮೇಲೆ ಅಕಾ ಅಪ್ಪಿಯ ಕಡೆ ತಿರುಗಿ ಏನೋ ಹೇಳಿದರು. ಹುಡುಗಿ ಕಣ್ಣೊರೆಸಿಕೊಂಡಳು.

"ಏನಂದ್ರು?"

"ಇಷ್ಟ ವಯಸ್ಸಾದ್ರೂ ನಿಮ್ಮಜ್ಜಗ ಚಹಾ ಹಾಕಾಕ ಬರೂದಿಲ್ಲ. ನೀನರ ನಮ್ಮ ಮನ್ಯಾಗ ಇದ್ದು ಕಲಿ. ಸಂಜೀಕ ಸಾಮಾನು ತಗೊಂಡು ಬಾ. ಹಂಗಂದ್ರು."

ಹೊರಡುವ ದಿನ

ಅಪ್ಪಿಯ ಟ್ರಂಕು ಓಪಾ ಅವರ ಮನೆಯ ಕೋಣೆಗೆ ಬಂತು. ಶಾಂತಾ ಎರಡು ದಿನ ಆ ಒಲೆಯ ಮುಂದೆ ಕೂತು ಹುಡುಗಿಗೆ ಬೇಳೆ, ಪಲ್ಯ, ಹುಳಿ ಎಲ್ಲ ಮಾಡಿ ತಿನ್ನಿಸಿದಳು. ಓಪಾ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿದರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಎಡೆಬಿಡದೆ ಮಾತಾಡಿದರು. ಏನು ಮಾತಾಡಿದಿರಿ ಎಂದು ಕೇಳಿದೆ. ಗಂಡಂದಿರ ಬಗ್ಗೆ ಎಂದಳು ಶಾಂತಾ.

ನಾವು ಹೊರಡುವ ಬೆಳಗ್ಗೆ ಟ್ಯಾಕ್ಸಿ ಓಣಿಯಲ್ಲಿ ನಿಂತಿತ್ತು. ಓಪಾ ಒಳಗಿನಿಂದ ಒಂದು ಬ್ರೆಡ್ ತಂದರು. ಅಲ್ಲಿ ಅದಕ್ಕೆ ನಾನ್ ಎನ್ನುತ್ತಾರೆ. ಆದರೆ ನಮ್ಮ ಹೋಟೆಲುಗಳ ನಾನ್ ಅಲ್ಲ. ದುಂಡಗೆ, ದಪ್ಪಗೆ, ಕಲ್ಲಿನಷ್ಟು ಭಾರ, ನಡುವೆ ಹೂವಿನ ಅಚ್ಚು. ದಾರಿಗೆ ಬುತ್ತಿ ಎಂದುಕೊಂಡು ಶಾಂತಾ ಸೆರಗು ಒಡ್ಡಿದಳು. ಓಪಾ ಸೆರಗಿಗೆ ಹಾಕಲಿಲ್ಲ. ಅದನ್ನು ಅವಳ ಬಾಯಿಯ ಮುಂದೆಯೇ ಹಿಡಿದರು.

"ಕಚ್ಚಬೇಕಂತ ಅಜ್ಜಿ" ಎಂದಳು ಅಪ್ಪಿ.

"ಮುರಕೊಂಡು ತಿಂತೀನಿ ಅಂತ ಹೇಳು."

"ಮುರೀಬಾರದು, ಹಲ್ಲಿಲೇ ಕಚ್ಚಬೇಕು. ಮನಿ ಮಂದಿ ದೂರ ಹೊಂಟಾಗ ಒಂದ್ ತುತ್ತು ಕಚ್ಚಿ ಹೋಗ್ತಾರ. ಉಳದದ್ದನ್ನ ಗ್ವಾಡಿಗೆ ತೂಗಹಾಕ್ತಾರ, ಅವರು ತಿರುಗಿ ಬರೂತನಕ. ಬಂದ ಮ್ಯಾಲೆ ಅವರೇ ತಿನ್ನಬೇಕು."

"ಎಂಜಲಾ? ಗ್ವಾಡಿಗೆ?"

ಓದುಗರಿಗೆ ಶಾಂತಾ ಗೊತ್ತಿಲ್ಲ. ಲೋಟವನ್ನು ತುಟಿಗೆ ತಾಗಿಸಿ ನೀರು ಕುಡಿದವಳಲ್ಲ. ನನ್ನ ತಟ್ಟೆಯಿಂದ ಒಂದು ಹಪ್ಪಳದ ಚೂರು ತೆಗೆದು ತಿಂದದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿಲ್ಲ. ಅವಳು ಕಚ್ಚಿದ ಪದಾರ್ಥವನ್ನು ಬೇರೆಯವರ ಮನೆಯ ಗೋಡೆಗೆ ತೂಗಿ, ದಿನಾ ಎಲ್ಲರೂ ನೋಡುವುದು ಎಂದರೆ! ಅವಳು ಬ್ರೆಡ್ಡನ್ನು ನೋಡಿದಳು. ಓಪಾ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಮನಿ ಮಂದಿ ಅಂದ್ಳೇನು ಆಕಿ?" ಎಂದು ಕೇಳಿದಳು ಶಾಂತಾ.

"ಹೂಂ ಅಜ್ಜಿ. ಮನಿ ಮಂದೀನ."

ಶಾಂತಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಚ್ಚಿದಳು. ಶಾಸ್ತ್ರಕ್ಕೆ ಅಲ್ಲ, ಬಾಯಿ ತುಂಬ. ಆಮೇಲೆ ನನ್ನ ಸರದಿ. ನನ್ನವು ಕಟ್ಟಿಸಿದ ಹಲ್ಲು. ಸಮರಕಂದದ ಬ್ರೆಡ್ ಪುಣೆಯ ದಂತವೈದ್ಯರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾಡಿದ್ದಲ್ಲ. ನಾನು ಕಚ್ಚಿದೆ, ಎಳೆದೆ, ತಲೆ ಹಿಂದಕ್ಕೆ ಬಂತು, ಮೇಲಿನ ಸಾಲು ಬ್ರೆಡ್ಡಿನಲ್ಲೇ ಉಳಿಯಿತು. ಅಕಾ ಚಪ್ಪರದ ಕಂಬ ಹಿಡಿದುಕೊಂಡು ನಕ್ಕರು. ಇದು ಚೇಷ್ಟೆಯಲ್ಲ ಎಂದು ನಾನು ಬೊಚ್ಚು ಬಾಯಿಯಲ್ಲಿ ಎಷ್ಟು ಹೇಳಿದರೂ ಆ ಅಂಗಳದಲ್ಲಿ ಒಬ್ಬರೂ ನಂಬಲಿಲ್ಲ, ಈಗಲೂ ನಂಬಿಲ್ಲ.

ಹಲ್ಲು ಬಿಡಿಸಿಕೊಂಡೆ. ಅಪ್ಪಿ ಸ್ಟೂಲಿನ ಮೇಲೆ ಹತ್ತಿ ತನ್ನ ಕೋಣೆಯ ಮೊಳೆಗೆ ಬ್ರೆಡ್ಡನ್ನು ದಾರದಿಂದ ಕಟ್ಟಿದಳು. ಅವಳು ಓದುವ ಮೇಜಿನ ಸರಿಯಾಗಿ ಮೇಲೆ.

ಟ್ಯಾಕ್ಸಿ ಓಣಿ ದಾಟುವ ತನಕ ಶಾಂತಾ ಹಿಂದಿನ ಗಾಜಿನಿಂದ ನೋಡುತ್ತಿದ್ದಳು. ದೊಡ್ಡ ರಸ್ತೆಗೆ ಬಂದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ನೆಟ್ಟಗೆ ಕೂತಳು.

"ಮುಂದಿನ ಟಿಕೀಟ ಯಾವಾಗ ಸಿಗ್ತಾವ ನೋಡ್ರಿ" ಎಂದಳು.

"ಇನ್ನೂ ಊರು ಮುಟ್ಟಿಲ್ಲ. ಆಗಲೇ ಯಾಕ?"

"ಯಾಕಂದ್ರ? ನಮ್ಮ ಎಂಜಲಾ ಭಾಳ ದಿವಸ ಅವರ ಗ್ವಾಡಿ ಮ್ಯಾಲೆ ಇರಬಾರದು."